ಸಿಮೆಂಟ್ ಹಾಕಿದ ಟೊಂಕದ ಕೀಲು: ಅಪರೂಪದ ತೊಡಕು ಯಾವ ಹೊತ್ತಿಗೆ ಬರುತ್ತದೆ, ಹೇಗೆ ಗುರುತಿಸಬೇಕು

ತೊಡೆ ಎಲುಬಿನ ಕುತ್ತಿಗೆ ಮುರಿದ ಎಪ್ಪತ್ತೈದರ ಅಜ್ಜಿಗೆ "ಬಾಲ್ ಬದಲಿಸಿ ಸಿಮೆಂಟ್ ಹಾಕಿ ಕೂಡಿಸಬೇಕು" ಎಂದು ವೈದ್ಯರು ಹೇಳಿದ ಕೂಡಲೇ ಮನೆಮಂದಿ ಕೇಳುವ ಮೊದಲ ಮಾತು: ಮೈಯೊಳಗೆ ಸಿಮೆಂಟಾ? ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ. ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್, ಹಲ್ಲಿನ ಸೆಟ್ಟು ಮಾಡುವ ವಸ್ತುವಿನ ಜಾತಿಯದು. ಇಂಗ್ಲೆಂಡಿನ ಶಸ್ತ್ರವೈದ್ಯ ಸರ್ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಿಂದ ಟೊಂಕದ ಕೀಲಿಗೆ ಇದನ್ನು ಬಳಸಿ ರೂಢಿಗೆ ತಂದರು. ಅಂಟಿನಂತೆ ಇದು ಅಂಟುವುದಿಲ್ಲ. ಎಲುಬಿನ ಸಣ್ಣ ಸಣ್ಣ ರಂಧ್ರಗಳೊಳಗೆ ಹೊಕ್ಕು ಅಲ್ಲೇ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ವಯಸ್ಸಾಗಿ ಟೊಳ್ಳಾದ ಎಲುಬಿನಲ್ಲಿ ಹೊಸ ಬಾಲ್ ಹೊತ್ತ ಲೋಹದ ಕಡ್ಡಿಯನ್ನು ಸಿಮೆಂಟಿಲ್ಲದೆ ಒತ್ತಿ ಕೂಡಿಸಿದರೆ ಎಲುಬು ಸೀಳುವ ಅಪಾಯ ಹೆಚ್ಚು, ತೊಡೆಬೇನೆಯೂ ಹೆಚ್ಚು. ಆದ್ದರಿಂದ ಹಿರಿಯರಿಗೆ ಸಾಮಾನ್ಯವಾಗಿ ಸಿಮೆಂಟ್ ಹಾಕುವುದೇ ಸರಿ. ಹೆಸರಿಗೆ ಹೆದರಿ ಬೇಡವೆನ್ನಬೇಡಿ.

ಆದರೆ ಇದಕ್ಕೆ ಅದರದೇ ಆದ ಕೆಲವು ತೊಡಕುಗಳಿವೆ. ಅಪರೂಪ ನಿಜ, ಬಂದಾಗ ಮಾತ್ರ ಗಳಿಗೆಗಳ ಲೆಕ್ಕ. ಒಂದೊಂದು ತೊಡಕಿಗೂ ಒಂದೊಂದು ಹೊತ್ತು ಇದೆ: ಕೆಲವು ಆಪರೇಷನ್ ಮೇಜಿನ ಮೇಲೆ, ಕೆಲವು ಮೂರು ದಿನದೊಳಗೆ, ಕೆಲವು ಊರಿಗೆ ಬಂದ ಮೇಲೆ, ಇನ್ನು ಕೆಲವು ವರ್ಷಗಳ ನಂತರ. ಆ ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಆಪರೇಷನ್‌ಗೆ ಮೊದಲು

ಬಿದ್ದವರನ್ನು ಮೊದಲು ಎಲುಬು ಕಟ್ಟುವವರ ಹತ್ತಿರ ಒಯ್ದು, ಎಂಟು ದಿನ ಬಿದಿರು ಪಟ್ಟಿಯಲ್ಲಿ ಮಲಗಿಸಿ, ಆಮೇಲೆ ದವಾಖಾನೆಗೆ ತರುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಮಲಗಿದಷ್ಟು ದಿನ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಇರುವಾಗಲೇ ಸಿಮೆಂಟ್ ಒತ್ತಿದರೆ ಶ್ವಾಸಕೋಶಕ್ಕೆ ಎರಡು ಕಡೆಯಿಂದ ಪೆಟ್ಟು. ಬಿದ್ದ ದಿನ ಅಥವಾ ಮರುದಿನ ಆಪರೇಷನ್ ಆಗುವುದು ಒಳ್ಳೆಯದು. ತಡವಾಗಿದ್ದರೆ ಎಷ್ಟು ದಿನ ಮಲಗಿದ್ದರು ಎಂಬುದನ್ನು ಮುಚ್ಚಿಡದೆ ಹೇಳಿ, ಎರಡೂ ಕಾಲಿನ ಡಾಪ್ಲರ್ (ರಕ್ತನಾಳದಲ್ಲಿ ಹೆಪ್ಪು ಇದೆಯೇ ಎಂದು ನೋಡುವ ಸ್ಕ್ಯಾನ್) ಬೇಕೇ ಎಂದು ಕೇಳಿ. ಈ ನಡುವೆ ಮುರಿದ ಕಾಲಿಗೂ ಊದಿದ ಮೀನಖಂಡಕ್ಕೂ ಎಣ್ಣೆ ಹಚ್ಚಿ ತಿಕ್ಕಬೇಡಿ. ಹೆಪ್ಪು ಕಿತ್ತು ಮೇಲೇರುವುದು ಹೀಗೆಯೇ.

ಅರವಳಿಕೆ ವೈದ್ಯರಿಗೆ ಒಂದು ಚೀಟಿ ಬರೆದುಕೊಡಿ. ಅದರಲ್ಲಿ ಇರಬೇಕಾದದ್ದು: ಮನೆಯಲ್ಲಿ ಇದ್ದಾಗಿನ ಬಿಪಿ ಎಷ್ಟು, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತೇ, ಹೃದಯದ ಕವಾಟದ ತೊಂದರೆ ಅಥವಾ ಹಳೆಯ ಉಬ್ಬಸ ಇದೆಯೇ, ಬೀಡಿ ಸೇದುತ್ತಿದ್ದರೇ, ಕ್ಯಾನ್ಸರ್ ಇತ್ತೇ. ಗುಳಿಗೆಗಳ ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಗಳನ್ನೇ ಚೀಲದಲ್ಲಿ ತನ್ನಿ. ಮುಖ್ಯವಾಗಿ ನೀರು ಹೋಗುವ ಗುಳಿಗೆ, ರಕ್ತ ತೆಳು ಮಾಡುವ ಗುಳಿಗೆ, ಸ್ಟೀರಾಯ್ಡ್, ಸಕ್ಕರೆ ಕಾಯಿಲೆಯ ಗುಳಿಗೆ. ಡಾಪಾಗ್ಲಿಫ್ಲೋಜಿನ್ ಜಾತಿಯ ಸಕ್ಕರೆ ಗುಳಿಗೆ ತಿನ್ನುತ್ತಿದ್ದರೆ ಬೇರೆಯಾಗಿ ಹೇಳಿ. ಅದನ್ನು ತಿಂದು ಉಪವಾಸವಿದ್ದವರಿಗೆ, ಸಕ್ಕರೆ ಸರಿಯಾಗಿದ್ದಾಗಲೂ ರಕ್ತ ಆಮ್ಲೀಯವಾಗಬಹುದು.

ಬಿಪಿಯ ಅಂಕಿ ಏಕೆ ಬೇಕು? ಮನೆಯಲ್ಲಿ ಯಾವಾಗಲೂ 160 ಇದ್ದವರಿಗೆ ಮೇಜಿನ ಮೇಲೆ 110 ಬಂದರೆ ನೋಡುವವರ ಕಣ್ಣಿಗೆ ಅದು ಚೆಂದದ ಬಿಪಿ. ಲೆಕ್ಕ ಹಾಕಿದರೆ 30 ಪ್ರತಿಶತಕ್ಕಿಂತ ಹೆಚ್ಚು ಕುಸಿದಿದೆ. ಸಿಮೆಂಟ್ ಹಾಕುವಾಗ ಮೇಲಿನ ಬಿಪಿಯನ್ನು ಮೊದಲಿದ್ದದ್ದಕ್ಕಿಂತ 20 ಪ್ರತಿಶತದೊಳಗೆ ಹಿಡಿದಿಡುವುದು ಗುರಿ. ಮೊದಲಿದ್ದದ್ದು ಎಷ್ಟೆಂದೇ ಗೊತ್ತಿಲ್ಲದಿದ್ದರೆ ಹಿಡಿಯುವುದು ಯಾವುದನ್ನು?

ಇನ್ನೊಂದು, ನೀರು. "ನಾಳೆ ಆಪರೇಷನ್, ಏನೂ ಕೊಡಬೇಡಿ" ಎಂದು ರಾತ್ರಿ ಎಂಟಕ್ಕೇ ನೀರು ನಿಲ್ಲಿಸಿ ಮರುದಿನ ಮಧ್ಯಾಹ್ನದವರೆಗೆ ಬಾಯಿ ಒಣಗಿಸುವುದು ಎಲ್ಲ ಕಡೆ ನಡೆಯುತ್ತದೆ. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ, ನೀರಿನ ಗುಳಿಗೆ ತಿನ್ನುವ ಹಿರಿಯರಿಗೆ ಇದು ನೇರ ಅಪಾಯ. ಮೈಯಲ್ಲಿ ನೀರಿಲ್ಲದವರ ಬಿಪಿ ಸಿಮೆಂಟ್ ಹಾಕಿದಾಗ ಹೆಚ್ಚು ಆಳಕ್ಕೆ ಬೀಳುತ್ತದೆ. ಸಾಮಾನ್ಯ ನಿಯಮ ಹೀಗಿದೆ: ಊಟ 6 ತಾಸು ಮೊದಲು ನಿಲ್ಲಬೇಕು, ತಿಳಿ ನೀರನ್ನು 2 ತಾಸು ಮೊದಲಿನವರೆಗೂ ಕುಡಿಸಬಹುದು. ಹಾಲು, ಹಾಲಿನ ಚಹಾ ತಿಳಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ರೋಗಿಗೆ ಎಷ್ಟು ಗಂಟೆಯವರೆಗೆ ಎಂದು ಅರವಳಿಕೆ ವೈದ್ಯರನ್ನೇ ಕೇಳಿ ಬರೆದುಕೊಳ್ಳಿ. ಆಪರೇಷನ್ ಮುಂದೂಡಿದರೆ ಮತ್ತೆ ಕೇಳಿ ನೀರು ಶುರುಮಾಡಿ.

ಸಿಮೆಂಟ್ ಹಾಕುವ ಹೊತ್ತು

ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 40 ಗ್ರಾಂ ಪುಡಿ, ಜೊತೆಗೆ ಗಾಜಿನ ಆಂಪ್ಯೂಲಿನಲ್ಲಿ 20 ಮಿಲಿ ದ್ರವ. ಆಂಪ್ಯೂಲ್ ಮುರಿದೊಡನೆ ಉಗುರುಬಣ್ಣದಂಥ ಘಾಟು ಏಳುತ್ತದೆ. ಎರಡನ್ನೂ ಕಲಸಿದಾಗ ಮೊದಲು ಅಂಬಲಿಯಂತೆ ತೆಳ್ಳಗೆ, ಆಮೇಲೆ ಕೈಗವಸಿಗೆ ಅಂಟುವಂತೆ, ಸ್ವಲ್ಪ ಹೊತ್ತಿನಲ್ಲಿ ಅಂಟು ಬಿಟ್ಟು ನಾದಿದ ಹಿಟ್ಟಿನಂತೆ ಆಗುತ್ತದೆ. ಎಲುಬಿನೊಳಗೆ ಹೋಗಬೇಕಾದದ್ದು ಈ ಹದದಲ್ಲಿ. ಕೊನೆಗೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ ಕಲ್ಲಾಗುತ್ತದೆ. ಕಲಸಿದಾಗಿನಿಂದ ಕಲ್ಲಾಗುವವರೆಗೆ ಸುಮಾರು ಹತ್ತರಿಂದ ಹದಿನೈದು ನಿಮಿಷ, ಕಂಪನಿಯಿಂದ ಕಂಪನಿಗೆ ಬೇರೆ.

ಬಿಸಿಲ ನಾಡಿನ ಆಪರೇಷನ್ ಥಿಯೇಟರ್ ಸಿಬ್ಬಂದಿ ಇಲ್ಲಿ ಒಂದು ಮಾತು ನೆನಪಿಡಬೇಕು. ಸೆಖೆ ಹೆಚ್ಚಿದಷ್ಟೂ ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ. ಏಸಿ ಇಲ್ಲದ ಸ್ಟೋರಿನಲ್ಲಿ ಇಟ್ಟ ಪೊಟ್ಟಣವನ್ನು ಹಾಗೇ ತಂದು ಒಡೆದರೆ, ಕಡ್ಡಿ ಅರ್ಧ ಇಳಿಯುವಷ್ಟರಲ್ಲಿ ಬಿಗಿದು ನಿಲ್ಲಬಹುದು. ಆಗ ಕಾಲು ಉದ್ದವಾಗುತ್ತದೆ ಅಥವಾ ಎಲ್ಲ ಕಿತ್ತು ಮತ್ತೆ ಹಾಕಬೇಕಾಗುತ್ತದೆ. ಪೊಟ್ಟಣವನ್ನು ತಯಾರಕರು ಹೇಳಿದ ತಂಪಿನಲ್ಲಿ, ಹೆಚ್ಚಿನವಕ್ಕೆ 25 ಡಿಗ್ರಿಯೊಳಗೆ, ಇಡಬೇಕು. ಬಳಸುವ ಹಿಂದಿನ ದಿನವೇ ಥಿಯೇಟರಿನ ತಂಪಿಗೆ ತಂದಿಡುವುದು ಒಳ್ಳೆಯದು. ಥಿಯೇಟರಿನ ಗೋಡೆಗೆ ಥರ್ಮಾಮೀಟರ್ ಬೇಕು.

ಈಗ ನಿಜವಾದ ಅಪಾಯ. ವೈದ್ಯಕೀಯದಲ್ಲಿ ಇದರ ಹೆಸರು ಬೋನ್ ಸಿಮೆಂಟ್ ಇಂಪ್ಲಾಂಟೇಶನ್ ಸಿಂಡ್ರೋಮ್. ತೊಡೆ ಎಲುಬಿನ ಕೊಳವೆಯೊಳಗೆ ಕೊಬ್ಬು, ಮಜ್ಜೆ, ರಕ್ತ ತುಂಬಿರುತ್ತದೆ. ಸಿಮೆಂಟ್ ತುಂಬಿ ಅದರ ಮೇಲೆ ಲೋಹದ ಕಡ್ಡಿ ಒತ್ತಿದಾಗ ಒಳಗಿನ ಒತ್ತಡ ಏರಿ, ಈ ಕೊಬ್ಬು, ಮಜ್ಜೆ, ಗಾಳಿಗುಳ್ಳೆಗಳು ಎಲುಬಿನ ರಕ್ತನಾಳಕ್ಕೆ ನುಗ್ಗುತ್ತವೆ. ಅಲ್ಲಿಂದ ಹೃದಯದ ಬಲಭಾಗ, ಅಲ್ಲಿಂದ ಶ್ವಾಸಕೋಶ. ಶ್ವಾಸಕೋಶದ ದಾರಿ ಬಿಗಿದಾಗ ಬಲಗಡೆಯ ಹೃದಯ ಉಬ್ಬಿ ಸೋಲುತ್ತದೆ. ಎಡಗಡೆಗೆ ರಕ್ತ ಬರದೆ ಬಿಪಿ ಬೀಳುತ್ತದೆ. ಕಡ್ಡಿ ಒತ್ತುವ ಗಳಿಗೆ ಮತ್ತು ಕೀಲನ್ನು ಮರಳಿ ಕೂಡಿಸುವ ಗಳಿಗೆ, ಎರಡೂ ಸೂಕ್ಷ್ಮ.

ಮೂರು ಮಟ್ಟದಲ್ಲಿ ಅಳೆಯುತ್ತಾರೆ. ಆಮ್ಲಜನಕ 94ಕ್ಕಿಂತ ಕೆಳಗೆ ಅಥವಾ ಮೇಲಿನ ಬಿಪಿ 20 ಪ್ರತಿಶತಕ್ಕಿಂತ ಹೆಚ್ಚು ಇಳಿದರೆ ಮೊದಲನೆಯದು. ಆಮ್ಲಜನಕ 88ಕ್ಕಿಂತ ಕೆಳಗೆ, ಅಥವಾ ಬಿಪಿ 40 ಪ್ರತಿಶತಕ್ಕಿಂತ ಹೆಚ್ಚು ಇಳಿತ, ಅಥವಾ ಎಚ್ಚರ ತಪ್ಪಿದರೆ ಎರಡನೆಯದು. ಹೃದಯ ನಿಂತು ಎದೆ ಒತ್ತಬೇಕಾಗಿ ಬಂದರೆ ಮೂರನೆಯದು. ಮೊದಲ ಮಟ್ಟದ್ದು ಅಷ್ಟೇನೂ ಅಪರೂಪವಲ್ಲ, ಬೇಗ ಸರಿಹೋಗುತ್ತದೆ. ಮೂರನೆಯದು ಅಪರೂಪ, ಆದರೆ ಜೀವಕ್ಕೆ ಕುತ್ತು. ಪೂರ್ತಿ ಅರವಳಿಕೆಯಲ್ಲಿ ಇರುವವರಿಗೆ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್‌ನ ಗೆರೆ ತಟ್ಟನೆ ಕುಸಿಯುವುದೇ ಮೊದಲ ಸೂಚನೆ. ಬೆನ್ನಿಗೆ ಸೂಜಿ ಹಾಕಿಸಿಕೊಂಡು ಎಚ್ಚರವಿರುವ ಅಜ್ಜ ಒಮ್ಮೆಲೇ "ಜೀವ ಹ್ಯಾಂಗೋ ಆಗಲಿಕತ್ತದ" ಎಂದರೆ, ಅಥವಾ ಅಲ್ಲಿವರೆಗೆ ಮಾತಾಡುತ್ತಿದ್ದವರು ಸುಮ್ಮನಾದರೆ, ಮಾನಿಟರ್ ನೋಡುವ ಮೊದಲು ಆ ಮಾತನ್ನು ನಂಬಬೇಕು.

ತಡೆಯುವುದು ಹೇಗೆ ಎಂಬುದು ಬಹುಪಾಲು ಕೈಕೆಲಸ. ಕೊಳವೆಯನ್ನು ಒತ್ತಡದ ನೀರಿನಿಂದ ಚೆನ್ನಾಗಿ ತೊಳೆದು ಕೊಬ್ಬು ತೆಗೆದು ಒಣಗಿಸಬೇಕು. ಇದರಿಂದ ಸಿಮೆಂಟ್ ಕಚ್ಚುವುದೂ ಗಟ್ಟಿ, ಏಕೆಂದರೆ ರಕ್ತದ ಪದರ ನಡುವೆ ಬಂದರೆ ಹಿಡಿತವೇ ಇಲ್ಲ. ಕೆಳಗೆ ತಡೆಬಿರಡೆ ಹಾಕಬೇಕು, ಗಾಳಿ ರಕ್ತ ಹೊರಬರಲು ಸಣ್ಣ ನಳಿಕೆ ಇಡಬೇಕು, ಸಿಮೆಂಟನ್ನು ಗನ್ನಿನಿಂದ ಕೆಳಗಿನಿಂದ ಮೇಲಕ್ಕೆ ತುಂಬುತ್ತ ಬರಬೇಕು. ಬೆರಳಿನಿಂದ ಮೇಲಿನಿಂದ ತುರುಕಿದರೆ ಗಾಳಿ ಒಳಗೇ ಸಿಕ್ಕುತ್ತದೆ. ಹೃದಯ ಸೋತ ರೋಗಿಯಲ್ಲಿ ಅತಿಯಾದ ಒತ್ತಡ ಬೇಡ. ಎಲ್ಲಕ್ಕಿಂತ ದೊಡ್ಡದು ಒಂದು ಕೂಗು: "ಸಿಮೆಂಟ್ ಹಾಕುತ್ತಿದ್ದೇನೆ" ಎಂದು ಶಸ್ತ್ರವೈದ್ಯರು ಗಟ್ಟಿಯಾಗಿ ಹೇಳಬೇಕು, ಅರವಳಿಕೆ ವೈದ್ಯರು "ತಯಾರು" ಎಂದು ಉತ್ತರ ಕೊಡಬೇಕು. ಆ ಹೊತ್ತಿಗೆ ಬಿಪಿ ಏರಿಸುವ ಔಷಧ ಸಿರಿಂಜಿನಲ್ಲಿ ತುಂಬಿ ಕೈಯಳತೆಯಲ್ಲಿ ಇರಬೇಕು, ಆಮ್ಲಜನಕ ಹೆಚ್ಚಿಸಿರಬೇಕು. ತೊಡಕು ಬಂದರೆ 100 ಪ್ರತಿಶತ ಆಮ್ಲಜನಕ, ಬಲಹೃದಯದ ಸೋಲು ಎಂದೇ ತಿಳಿದು ಚಿಕಿತ್ಸೆ, ಬೇಕಾದರೆ ಅಡ್ರಿನಲಿನ್. ಬರೀ ಸಲೈನ್ ಸುರಿಯುತ್ತ ಕೂಡುವುದು ಸಾಲದು.

ಮನೆಯವರು ಇದರಲ್ಲಿ ಮಾಡಬಹುದಾದದ್ದು ಎರಡು. ಒಪ್ಪಿಗೆ ಸಹಿ ಹಾಕುವ ಮೊದಲು "ಇವರಿಗೆ ಸಿಮೆಂಟಿನ ಅಪಾಯ ಎಷ್ಟು, ಐಸಿಯು ಹಾಸಿಗೆ ಇದೆಯೇ" ಎಂದು ಕೇಳುವುದು. ತೀರಾ ವಯಸ್ಸಾದವರು, ಗಂಡಸರು, ಹೃದಯ ಶ್ವಾಸಕೋಶದ ರೋಗ ಇದ್ದವರು, ಕ್ಯಾನ್ಸರ್ ಎಲುಬಿಗೆ ಹರಡಿ ಮುರಿದವರು, ಇವರಲ್ಲಿ ಅಪಾಯ ಹೆಚ್ಚು. ಅಂಥವರನ್ನು ಐಸಿಯು ಇರುವ ಕಡೆಯೇ ಆಪರೇಷನ್ ಮಾಡಿಸಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಎರಡನೆಯದು, ಆಪರೇಷನ್ ಮುಗಿದ ಮೇಲೆ "ಸಿಮೆಂಟ್ ಹಾಕುವಾಗ ಬಿಪಿ ಬಿದ್ದಿತ್ತೇ" ಎಂದು ಕೇಳಿ, ಬಿದ್ದಿದ್ದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಸಿಕೊಳ್ಳುವುದು. ಮುಂದೆ ಇನ್ನೊಂದು ಟೊಂಕ ಮುರಿದರೆ ಆ ಒಂದು ಸಾಲು ಬಹಳ ಬೆಲೆಬಾಳುತ್ತದೆ.

ಮೊದಲ ಮೂರು ದಿನ

ಸಂಜೆಗೆ ಬೆನ್ನಿನ ಸೂಜಿಯ ಮಂಪರು ಇಳಿದ ಮೇಲೆ ಪಾದ ಪರೀಕ್ಷಿಸಿ. ಕಾಲು ನೇರ ಇಟ್ಟು, ಪಾದವನ್ನೂ ಹೆಬ್ಬೆರಳನ್ನೂ ಮೂಗಿನ ಕಡೆ ಎತ್ತಲು ಹೇಳಿ. ನಿಮ್ಮ ಎರಡು ಬೆರಳನ್ನು ಪಾದದ ಮೇಲಿಟ್ಟು ಮೆಲ್ಲಗೆ ಒತ್ತಿದರೂ ಅವರು ಎತ್ತಿ ಹಿಡಿಯಬೇಕು. ಇನ್ನೊಂದು ಕಾಲು ಎತ್ತುತ್ತದೆ, ಆಪರೇಷನ್ ಆದದ್ದು ಜೋತುಬಿದ್ದಿದೆ ಎಂದರೆ ಟೊಂಕದ ಹಿಂದಿನಿಂದ ಕಾಲಿಗೆ ಇಳಿಯುವ ದೊಡ್ಡ ನರಕ್ಕೆ (ಸಿಯಾಟಿಕ್ ನರ) ಪೆಟ್ಟಾಗಿರಬಹುದು: ಎಳೆತದಿಂದ, ರಕ್ತ ಕಟ್ಟಿದ್ದರಿಂದ, ಅಪರೂಪಕ್ಕೆ ಹೊರಗೆ ಸೋರಿದ ಬಿಸಿ ಸಿಮೆಂಟಿನಿಂದ. ಆ ರಾತ್ರಿಯೇ ತಿಳಿಸಿ. ಎರಡೂ ಕಾಲು ಮರಳಿ ಜೋಮು ಹಿಡಿದು, ಬೆನ್ನುಬೇನೆ ಬಂದು, ಮೂತ್ರ ಕಟ್ಟಿದರೆ ಅದು ಬೇರೆ ಮತ್ತು ಇನ್ನೂ ತುರ್ತು. ಬೆನ್ನುಹುರಿಯ ಸುತ್ತ ರಕ್ತ ಕಟ್ಟಿರಬಹುದು, ತಾಸುಗಳಲ್ಲಿ ಎಂಆರ್‌ಐ ಆಗಬೇಕು.

24ರಿಂದ 72 ತಾಸಿನ ಒಳಗೆ ದಮ್ಮು, ಗೊಂದಲ, ಎದೆ ಮತ್ತು ಕಂಕುಳ ಸುತ್ತ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಕಂಡರೆ ಕೊಬ್ಬಿನ ಎಂಬಾಲಿಸಂ (ಮಜ್ಜೆಯ ಕೊಬ್ಬು ರಕ್ತದಲ್ಲಿ ಹೋಗಿ ನಾಳ ಕಟ್ಟುವುದು) ಎಂದು ಯೋಚಿಸಬೇಕು. ಚುಕ್ಕೆಗಳು ಎಲ್ಲರಿಗೂ ಬರುವುದಿಲ್ಲ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೂ ನೋಡಿ.

ರಾತ್ರಿ ಹಿರಿಯರು ಗುರುತು ಹಿಡಿಯದೆ ಬಡಬಡಿಸಿದರೆ "ಗಾಳಿ ಸೋಕಿತು" ಎಂದು ನಿಂಬೆಹಣ್ಣು ನಿವಾಳಿಸುತ್ತ ಬೆಳಗು ಮಾಡಬೇಡಿ. ಆಮ್ಲಜನಕ ನೋಡಿಸಿ, ರಕ್ತದ ಸೋಡಿಯಂ ಮತ್ತು ಸಕ್ಕರೆ ನೋಡಿಸಿ, ಮೂತ್ರ ಕಟ್ಟಿದೆಯೇ ನೋಡಿಸಿ. ಕನ್ನಡಕ, ಕಿವಿಯಂತ್ರ ಹಾಕಿ, ಪರಿಚಯದ ಮುಖ ಒಂದು ಪಕ್ಕದಲ್ಲಿ ಇರಲಿ.

ಹೊಟ್ಟೆ ತಮಟೆಯಂತೆ ಉಬ್ಬಿ, ಗಾಳಿ ಹೋಗದೆ, ಬೇನೆ ಮಾತ್ರ ಕಡಿಮೆ ಇದ್ದರೆ ದೊಡ್ಡ ಕರುಳು ಕೆಲಸ ನಿಲ್ಲಿಸಿರಬಹುದು. ಓಗಿಲ್ವಿ ಸಿಂಡ್ರೋಮ್ ಎನ್ನುತ್ತಾರೆ. ಬೇನೆಯ ಬಲವಾದ ಔಷಧ, ಪೊಟ್ಯಾಸಿಯಂ ಕೊರತೆ, ಮಲಗಿಯೇ ಇರುವುದು ಕಾರಣ. ಜುಲಾಬಿನ ಔಷಧ ಕೊಡಬೇಡಿ, ಎಕ್ಸ್‌ರೇ ತೆಗೆಸಲು ಹೇಳಿ. ಕರುಳು 12 ಸೆಂಟಿಮೀಟರ್ ದಾಟಿ ಹಿಗ್ಗಿದರೆ ಒಡೆಯುವ ಭಯ.

ಊರಿಗೆ ಬಂದ ಮೇಲೆ

ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧವನ್ನು ಸುಮಾರು ಒಂದು ತಿಂಗಳು, ಹೆಚ್ಚೆಂದರೆ 35 ದಿನ ಮುಂದುವರಿಸುತ್ತಾರೆ. ಚುಚ್ಚುಮದ್ದಾದರೆ ಎನಾಕ್ಸಾಪ್ಯಾರಿನ್ 40 ಮಿಲಿಗ್ರಾಂ ದಿನಕ್ಕೊಮ್ಮೆ ಸಾಮಾನ್ಯ. ಮೂತ್ರಪಿಂಡ ಸೋತವರಿಗೆ ವೈದ್ಯರು ಇಳಿಸುತ್ತಾರೆ. "ಊರಲ್ಲಿ ಚುಚ್ಚುವವರಿಲ್ಲ" ಎಂದು ಹತ್ತನೇ ದಿನಕ್ಕೇ ನಿಲ್ಲಿಸುವುದೇ ಇಲ್ಲಿ ಆಗುವ ತಪ್ಪು. ಸುರಪುರದ ಹಳ್ಳಿಯಾಗಲಿ ಔರಾದದ ತಾಂಡಾ ಆಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಕೊಡಬಹುದು. ಮನೆಯವರೂ ಕಲಿಯಬಹುದು: ಹೊಕ್ಕುಳಿನಿಂದ ನಾಲ್ಕು ಬೆರಳು ಪಕ್ಕಕ್ಕೆ ಚರ್ಮವನ್ನು ಮಡಿಕೆ ಹಿಡಿದು, ಸೂಜಿ ನೇರ ಇಳಿಸಿ, ಔಷಧ ಪೂರ್ತಿ ಹೋಗುವವರೆಗೆ ಮಡಿಕೆ ಬಿಡಬಾರದು. ತುಂಬಿ ಬಂದ ಸಿರಿಂಜಿನ ಗಾಳಿಗುಳ್ಳೆ ತೆಗೆಯಬೇಡಿ, ಚುಚ್ಚಿದ ಜಾಗ ತಿಕ್ಕಬೇಡಿ. ದಿನಕ್ಕೊಂದು ಬದಿ ಬದಲಿಸಿ. ನಿಲ್ಲಿಸಲೇಬೇಕಾದ ಪರಿಸ್ಥಿತಿ ಇದ್ದರೆ ಡಿಸ್ಚಾರ್ಜ್ ದಿನವೇ ಗುಳಿಗೆ ಕೇಳಿ. ಒಂದೇ ಮೀನಖಂಡ ಊದಿ ಬಿಸಿಯಾದರೆ, ಇದ್ದಕ್ಕಿದ್ದಂತೆ ದಮ್ಮು ಹತ್ತಿ ಎದೆ ಹಿಡಿದರೆ, ಆಟೋ ಹುಡುಕದೆ 108ಕ್ಕೆ ಫೋನ್ ಮಾಡಿ.

ಕೀಲು ಜಾರುವುದು ನಮ್ಮ ಮನೆಗಳಿಗೆ ಹೊಂದಿಕೊಂಡ ತೊಡಕು. ನೆಲದ ಮೇಲೆ ಕೂತು ಉಣ್ಣುತ್ತೇವೆ, ಕೂತು ರೊಟ್ಟಿ ಬಡಿಯುತ್ತೇವೆ, ಕುಕ್ಕುರುಗಾಲಲ್ಲಿ ಬಯಲಿಗೆ ಹೋಗುತ್ತೇವೆ. ಹಿಂದಿನಿಂದ ಕೊಯ್ದು ಮಾಡಿದ ಆಪರೇಷನ್‌ನಲ್ಲಿ ಟೊಂಕ 90 ಡಿಗ್ರಿಗಿಂತ ಹೆಚ್ಚು ಮಡಚಿ, ಕಾಲು ಒಳಗೆ ತಿರುಗಿದರೆ ಬಾಲ್ ಹಿಂದಕ್ಕೆ ಜಾರುತ್ತದೆ. ಎಷ್ಟು ವಾರ ಜೋಪಾನ ಎಂದು ನಿಮ್ಮ ಶಸ್ತ್ರವೈದ್ಯರೇ ಹೇಳಬೇಕು. ಆರರಿಂದ ಹನ್ನೆರಡು ವಾರ ಸಾಮಾನ್ಯ, ಕುಕ್ಕುರುಗಾಲು ಮಾತ್ರ ಮುಂದೆಯೂ ಬೇಡ.

ಕುರ್ಚಿ ಹೀಗೆ ಅಳೆಯಿರಿ. ಹಿರಿಯರನ್ನು ವಾಕರ್ ಹಿಡಿಸಿ ನಿಲ್ಲಿಸಿ, ನೆಲದಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ ಟೇಪು ಹಿಡಿಯಿರಿ. 16 ಇಂಚು ಬಂದರೆ ಕೂಡುವ ಜಾಗ 18 ಇಂಚಾದರೂ ಇರಬೇಕು. ಮೇಲೆ ಹಾಕಿದ ದಿಂಬು ಕೂತಾಗ ತಗ್ಗುತ್ತದೆ, ತಗ್ಗಿದ ಮೇಲಿನ ಎತ್ತರ ಲೆಕ್ಕ. ನುಲಿಯ ಹೊರಸು ಬೇಡವೇ ಬೇಡ: ನಡುವೆ ಜೋಲಿಯಂತೆ ಇಳಿದು ಟೊಂಕ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ. ಹಲಗೆಯ ಮಂಚ ಇರಲಿ, ಕಾಲ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಅವು ಅಲುಗಾಡದಂತೆ ನೋಡಿ. ಪಾಯಖಾನೆಗೆ ಕಮೋಡ್ ಕುರ್ಚಿ, ಇದೇ ಅಳತೆ. ಮಲಗುವಾಗ ಎರಡು ಮೊಣಕಾಲ ನಡುವೆ ದಿಂಬು. ಲಿಂಗಪೂಜೆ, ನಮಾಜು ಕುರ್ಚಿಯ ಮೇಲೆ, ಜಾತ್ರೆ ಉರುಸಿಗೆ ಹೋದರೆ ಊಟವೂ ಕುರ್ಚಿಯ ಮೇಲೆ. ಜಾರುವ ಚಪ್ಪಲಿ, ಒದ್ದೆ ಶಹಾಬಾದ್ ಫರಸಿ ಎರಡೂ ಒಟ್ಟಿಗೆ ಸೇರಬಾರದು. ಬಚ್ಚಲಲ್ಲಿ ರಬ್ಬರ್ ಹಾಸು, ಗೋಡೆಗೆ ಹಿಡಿಕೆ ಹಾಕಿಸಿ.

ಜಾರಿದರೆ ತಿಳಿಯುತ್ತದೆ: ಟಕ್ಕೆಂದು ಬೇನೆ, ಕಾಲು ಗಿಡ್ಡ, ಪಾದ ಒಳಮುಖ, ಏಳಲಾಗದು. ಎಳೆಯಬೇಡಿ, ಎಳೆಸಬೇಡಿ. ಎಳೆದವರ ಕೈಯಲ್ಲಿ ಕಡ್ಡಿಯ ತುದಿಯ ಬಳಿ ಎಲುಬು ಮುರಿದೀತು. ಕಾಲು ಇದ್ದ ಹಾಗೇ ದಿಂಬಿನ ಆಸರೆ ಕೊಟ್ಟು, ಬಾಯಿಗೆ ಏನೂ ಕೊಡದೆ ಹೊರಡಿ. ಅರವಳಿಕೆ ಕೊಟ್ಟು ಕೂಡಿಸಬೇಕಾಗುತ್ತದೆ, ತಡವಾದಷ್ಟೂ ನರಕ್ಕೆ ಕಷ್ಟ.

ತಿಂಗಳು, ವರ್ಷ ಕಳೆದ ಮೇಲೆ

ಗಾಯದಿಂದ ವಾರ ಕಳೆದರೂ ನೀರು ಸೋರಿದರೆ, ಅಥವಾ ಮಾಸಿದ ಗಾಯ ಮತ್ತೆ ಕೆಂಪಾದರೆ, ಮೆಡಿಕಲ್ ಅಂಗಡಿಯ ಆಂಟಿಬಯಾಟಿಕ್ ತಿನ್ನಿಸಬೇಡಿ. ಕೀಲಿನ ನೀರು ತೆಗೆದು ಯಾವ ಸೂಕ್ಷ್ಮಾಣು ಎಂದು ನೋಡುವ ಮೊದಲೇ ಗುಳಿಗೆ ನುಂಗಿದರೆ ಪರೀಕ್ಷೆಯಲ್ಲಿ ಏನೂ ಬೆಳೆಯುವುದಿಲ್ಲ, ಒಳಗಿನ ಸೋಂಕು ಮಾತ್ರ ಹಾಗೇ ಉಳಿಯುತ್ತದೆ. ಬೇಗ ಸಿಕ್ಕರೆ ತೊಳೆದು ಕೀಲು ಉಳಿಸಬಹುದು. ತಡವಾದರೆ ಸಿಮೆಂಟ್ ಸಮೇತ ಎಲ್ಲ ತೆಗೆಯಬೇಕು, ಎಪ್ಪತ್ತೆಂಟರ ಮೈಗೆ ಅದು ಬಹಳ ದೊಡ್ಡ ಆಪರೇಷನ್. ವರ್ಷಗಳ ನಂತರವೂ ಸಕ್ಕರೆ ರೋಗಿಯ ಕಾಲಹುಣ್ಣು, ಮೂತ್ರದ ಸೋಂಕಿನಿಂದ ಕೀಲಿಗೆ ಸೋಂಕು ಹೋಗಬಹುದು.

ಕೂತು ಎದ್ದಾಗ ಮೊದಲ ನಾಲ್ಕು ಹೆಜ್ಜೆ ತೊಡೆಯಲ್ಲಿ ಬೇನೆ, ಆಮೇಲೆ ಕಡಿಮೆ ಎಂದರೆ ಕಡ್ಡಿ ಸಡಿಲವಾಗುತ್ತಿರಬಹುದು. ಇದನ್ನು ಹೊಸ ಎಕ್ಸ್‌ರೇ ಒಂದೇ ಹೇಳುವುದಿಲ್ಲ, ಹಳೆಯದರ ಪಕ್ಕ ಇಟ್ಟು ಸಿಮೆಂಟಿನ ಸುತ್ತ ಕಪ್ಪು ಗೆರೆ ಅಗಲವಾಗಿದೆಯೇ ಎಂದು ನೋಡಬೇಕು. ಬಾಲ್ ಕೂಡುವ ಬಟ್ಟಲನ್ನೂ ಬದಲಿಸಿ ಸಿಮೆಂಟಿನಿಂದ ಕೂಡಿಸಿದ ಪೂರ್ಣ ಕೀಲಿನಲ್ಲಿ, ತೀರಾ ವಿರಳವಾಗಿ, ಸಿಮೆಂಟ್ ಕಿಬ್ಬೊಟ್ಟೆಯೊಳಗೆ ಚಾಚಿ ಮೂತ್ರಕೋಶಕ್ಕೋ ರಕ್ತನಾಳಕ್ಕೋ ತಾಗುತ್ತದೆ. ಕಾರಣವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ ಟೊಂಕದ ಆಪರೇಷನ್ ಆಗಿದೆ ಎಂದು ಮೂತ್ರರೋಗ ವೈದ್ಯರಿಗೆ ಹೇಳಿ.

ಡಿಸ್ಚಾರ್ಜ್ ದಿನ ಒಂದು ಕೆಲಸ ತಪ್ಪಿಸಬೇಡಿ. ಕಡ್ಡಿಯ ಡಬ್ಬಿಯ ಮೇಲೂ ಸಿಮೆಂಟ್ ಪೊಟ್ಟಣದ ಮೇಲೂ ಸ್ಟಿಕರ್ ಇರುತ್ತದೆ: ಕಂಪನಿ, ಅಳತೆ, ಲಾಟ್ ನಂಬರು. ಅವನ್ನು ಕಾರ್ಡಿಗೆ ಅಂಟಿಸಿ ಕೊಡಿ ಎಂದು ಕೇಳಿ ಪಡೆಯಿರಿ. ಕೀಲು ಜಾರಿದಾಗ, ಎಲುಬು ಮುರಿದಾಗ, ಬದಲಿಸಬೇಕಾದಾಗ, ಸೊಲ್ಲಾಪುರದ ವೈದ್ಯರಾಗಲಿ ಹೈದರಾಬಾದಿನವರಾಗಲಿ ಮೊದಲು ಕೇಳುವುದು ಅದನ್ನೇ. ಅದರ ಫೋಟೋ ಮೊಬೈಲಿನಲ್ಲಿ ಇರಲಿ, ಮೊದಲ ಎಕ್ಸ್‌ರೇ ಮಡಚದೆ ಇಡಿ, ಕಾರ್ಡನ್ನು ರೇಷನ್ ಕಾರ್ಡ್ ಇಡುವ ಚೀಲದಲ್ಲೇ ಇಡಿ.